ಗಂಟೆ ಬಾರಿಸದ ಊರಿನಲ್ಲಿ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಓರ್ವ ತಾಯಿ ಬರೆದ ಪತ್ರ ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲೆ ಇದೆ. ಅವರ ಮಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ತರಗತಿಗೆ ಪ್ರವೇಶ ದೊರೆತಿದೆ. ತಂದೆ ತಾಯಿ ಇಬ್ಬರೂ ಜತೆಯಲ್ಲಿ ಬಂದು, ಹಾಸಿಗೆ, ಬಕೆಟ್ಟು, ರೊಟ್ಟಿಯ ಗಂಟು ಎಲ್ಲವನ್ನೂ ವಸತಿ ನಿಲಯಕ್ಕೆ ಮುಟ್ಟಿಸಿ, ಗುಡ್ಡದ ಮೇಲಿನ ಭವನವನ್ನೂ ಮರಗಳ ಸಾಲನ್ನೂ ಕಣ್ತುಂಬ ನೋಡಿ ಊರಿಗೆ ಮರಳಿದ್ದಾರೆ. ಅಂಥ ಜಾಗದಲ್ಲಿ ಓದುವುದಕ್ಕೆ ಪುಣ್ಯ ಬೇಕೆಂದು ನೆರೆಹೊರೆಯವರಿಗೆಲ್ಲ ಹೇಳಿದ್ದಾರೆ. ಆದರೆ ಮೂರು ವಾರಗಳಿಂದ ಮಗಳು ಫೋನಿನಲ್ಲಿ ‘ಆರಾಮ ಅದೀನಿ’ ಎಂಬ ಎರಡು ಮಾತಿನ ಹೊರತು ಮೂರನೆಯದನ್ನು ಆಡುತ್ತಿಲ್ಲವಂತೆ. ಇಷ್ಟು ಚೆಂದದ ಸ್ಥಳದಲ್ಲಿದ್ದೂ ಮಗು ಏಕೆ ಮಂಕಾಗಿದೆ, ನೀವು ಅಲ್ಲಿ ಓದಿದವರಲ್ಲವೇ, ಅಲ್ಲಿ ಮಕ್ಕಳಿಗೆ ಹೇಗಿರುತ್ತದೆ ಎಂಬುದನ್ನು ನಾಲ್ಕು ಜನರಿಗೆ ತಿಳಿಯುವಂತೆ ಬರೆಯಿರಿ ಎಂಬುದು ಪತ್ರದ ಒಕ್ಕಣೆ.

ಆ ತಾಯಿ ಕೇಳಿದ ಪ್ರಶ್ನೆ ಸಣ್ಣದಲ್ಲ. ನಮ್ಮ ಓದುಗರ ಮನೆಗಳಲ್ಲಿ ಬಹುಪಾಲು ಮಂದಿಗೆ ಶಾಲೆ ಗೊತ್ತು, ಕಾಲೇಜು ಗೊತ್ತು. ಕಾಲೇಜೆಂದರೆ ಒಂದು ಕಟ್ಟಡ, ಒಂದು ಹೆಬ್ಬಾಗಿಲು, ಒಬ್ಬ ಪ್ರಾಚಾರ್ಯರು, ಒಂದು ಗಂಟೆ. ವಿಶ್ವವಿದ್ಯಾಲಯದ ಆವರಣವೆಂಬುದು ಆ ಅಳತೆಗೆ ಸಿಕ್ಕುವ ವಸ್ತುವಲ್ಲ. ಮಗುವಿನೊಡನೆ ಒಂದು ದಿನ ಬಂದು ಹೋಗುವ ತಂದೆ ತಾಯಿಗಳು ಕಾಣುವುದು ಅದರ ಶೋಭೆಯನ್ನು. ಅಲ್ಲಿ ಉಳಿಯುವ ಮಗು ಮರುದಿನದಿಂದ ಕಾಣತೊಡಗುವುದು ಅದರ ದೂರವನ್ನು.

ಧಾರವಾಡದ ಆವರಣವನ್ನು ಕಾಣದ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಊರಿನ ಪಶ್ಚಿಮದ ಅಂಚಿನಲ್ಲಿ, ಜನರು ಛೋಟಾ ಮಹಾಬಳೇಶ್ವರವೆಂದು ಕರೆಯುವ ಗುಡ್ಡದ ಮೇಲೂ ಅದರ ಇಳಿಜಾರುಗಳಲ್ಲೂ ಏಳುನೂರು ಎಕರೆಗೆ ಮಿಕ್ಕಿದ ನೆಲದಲ್ಲಿ ಅದು ಹರಡಿಕೊಂಡಿದೆ. ಧಾರವಾಡವು ಮಲೆನಾಡು ಮುಗಿದು ಬೆಳವಲ ಆರಂಭವಾಗುವ ಗಡಿಯ ಊರು. ಗುಡ್ಡದ ಪಶ್ಚಿಮಕ್ಕೆ ಕೆಲಗೇರಿಯ ಕೆರೆ, ಅದರಾಚೆ ಅಳ್ನಾವರದ ಕಡೆಗೆ ಹೋಗುವ ಹಸಿರು; ಪೂರ್ವಕ್ಕೆ ಹೊರಟರೆ ನವಲಗುಂದದ ಎರೆಭೂಮಿ. ಜೂನ್ ಕಳೆದ ಮೇಲೆ ಸಣ್ಣ ಮಳೆ ಹಿಡಿದರೆ ದಿನಗಟ್ಟಲೆ ಬಿಡದು. ಆಗ ಕೆಂಪು ಮಣ್ಣು ಪಾದರಕ್ಷೆಗೆ ಮೆತ್ತಿ, ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಎಲ್ಲರ ಹೆಜ್ಜೆಯೂ ಒಂದೇ ಬಣ್ಣದಲ್ಲಿ ಮೂಡುತ್ತದೆ. ಬೇಸಗೆಯಲ್ಲಿ ಗುಲ್‌ಮೊಹರಿನ ಮರಗಳು ಹೂಬಿಟ್ಟು ದಾರಿಯೆಲ್ಲ ಕೆಂಪಾಗುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ಆ ಹೂವನ್ನು ನಿಂತು ನೋಡಿದ ವಿದ್ಯಾರ್ಥಿ ನನ್ನ ಕಾಲದಲ್ಲಿ ವಿರಳ.

ಇಷ್ಟು ದೊಡ್ಡ ಜಾಗ ಏತಕ್ಕೆ ಬೇಕಾಯಿತು ಎಂದು ಕೆಲವರು ಕೇಳುವುದುಂಟು. ಅದಕ್ಕೆ ಚರಿತ್ರೆಯ ಕಾರಣವಿದೆ. ಹಿಂದೆ ಮುಂಬಯಿ ಕರ್ನಾಟಕದ ಕಾಲೇಜುಗಳೆಲ್ಲ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು, ಬೆಳಗಾವಿಯಲ್ಲಿ 1933ರಲ್ಲಿ ಲಿಂಗರಾಜ ಕಾಲೇಜು ಆರಂಭವಾದರೂ ಪದವಿ ಕೊಡುವ ಅಧಿಕಾರ ದೂರದ ಮುಂಬಯಿಯಲ್ಲೇ ಉಳಿದಿತ್ತು. ನಮ್ಮ ಹಿರಿಯರ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಪ್ರಶ್ನಪತ್ರಿಕೆಯ ಮೇಲಿನ ಒಂದು ಮುದ್ರೆ, ಅಷ್ಟೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದೂ ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಗಣಿತಜ್ಞ ಡಿ.ಸಿ. ಪಾವಟೆಯವರ ಕಾಲದಲ್ಲಿ ಗುಡ್ಡದ ಮೇಲೆ ಕಟ್ಟಡಗಳು ಎದ್ದವು, ವಿಭಾಗಗಳು ಒಂದರ ಹಿಂದೆ ಒಂದರಂತೆ ಬೆಳೆದವು. ಆ ಭಾಗಕ್ಕೆ ಇಂದಿಗೂ ಪಾವಟೆ ನಗರವೆಂದೇ ಹೆಸರು. ಮೈಸೂರಿನಲ್ಲಿ ಕುವೆಂಪು ಅವರು 1960ರಲ್ಲಿ ಕುಕ್ಕರಹಳ್ಳಿ ಕೆರೆಯ ಬಳಿ ಸ್ನಾತಕೋತ್ತರ ಕೇಂದ್ರವನ್ನು ತೆರೆದು ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಬೆಂಗಳೂರಿನ ಜ್ಞಾನಭಾರತಿಗೆ ಸಾವಿರಕ್ಕೂ ಹೆಚ್ಚು ಎಕರೆ ನೆಲ ದೊರೆಯಿತು. ಸ್ವತಂತ್ರ ನಾಡಿನ ವಿದ್ಯೆ ಇಕ್ಕಟ್ಟಿನಲ್ಲಿ ಬೆಳೆಯಬಾರದು, ನೂರು ವರ್ಷಗಳ ಮುಂದಿನ ವಿಭಾಗಕ್ಕೂ ಇಂದೇ ಜಾಗವಿರಬೇಕು ಎಂಬುದು ಆ ತಲೆಮಾರಿನವರ ವಿಚಾರವಾಗಿತ್ತು. ಆ ವಿಚಾರ ದೊಡ್ಡದೇ. ಆದರೆ ನೂರು ವರ್ಷಗಳಿಗಾಗಿ ಅಳೆದ ನೆಲದಲ್ಲಿ ಎರಡು ವರ್ಷಕ್ಕೆಂದು ಬರುವ ಹುಡುಗಿಯೊಬ್ಬಳು ಪ್ರತಿದಿನ ನಡೆಯಬೇಕಾಗುತ್ತದೆಂಬುದನ್ನು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ದೊಡ್ಡ ಆವರಣದ ಮೊದಲ ಪಾಠ ನಡಿಗೆಯದೇ. ತನ್ನ ವಿಭಾಗ ಒಂದು ಕಡೆ, ಗ್ರಂಥಾಲಯ ಮತ್ತೊಂದು ಕಡೆ, ಶುಲ್ಕದ ವ್ಯವಹಾರ ಗುಡ್ಡದ ಮೇಲೆ, ವಸತಿ ನಿಲಯ ಇನ್ನೆಲ್ಲೋ. ಅರ್ಜಿ ತುಂಬುವ ಕೆಲಸ ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲೇ ನಡೆಯುತ್ತದೆಯಾದರೂ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಕಡತವನ್ನು ಎದೆಗವಚಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಅಲೆಯುವುದು ತಪ್ಪಿಲ್ಲ. ನಾಡಿನ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಜೂನ್ ಜುಲೈಗಳ ನಂತರ ಈ ಕಡತದ ಮಕ್ಕಳನ್ನು ಗುರುತಿಸಬಹುದು. ಅವರು ನಡೆಯುವಾಗ ಕಟ್ಟಡಗಳ ಮೇಲಿನ ಫಲಕಗಳನ್ನು ಓದುತ್ತಾರೆ, ಹಳಬರು ಓದುವುದಿಲ್ಲ.

ನಾನು 1981ರ ಮಳೆಗಾಲದಲ್ಲಿ ಎಂ.ಎ. ಓದಲು ಬಂದಾಗ, ಬಸ್ಸಿನಿಂದ ಇಳಿದು, ಕೈಯಲ್ಲಿ ಟ್ರಂಕು ಹಿಡಿದು, ಎದುರಿಗೆ ಬಂದ ಮುದುಕರೊಬ್ಬರನ್ನು ‘ಯಜಮಾನರ, ಯುನಿವರ್ಸಿಟಿ ಎಲ್ಲೈತ್ರಿ?’ ಎಂದು ಕೇಳಿದ್ದೆ. ಅವರು ಸುತ್ತಲೂ ಒಮ್ಮೆ ಕೈ ತಿರುಗಿಸಿ, ‘ಇದs ನೋಡ್ರಿ’ ಎಂದು ಹೇಳಿ ತಮ್ಮ ದಾರಿ ಹಿಡಿದರು. ಇಂಗ್ಲೆಂಡಿನ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇಂಥದೇ ಒಂದು ಪ್ರಸಂಗವನ್ನು ಕಲ್ಪಿಸಿದ್ದಾನೆ: ಪರಸ್ಥಳದವನೊಬ್ಬ ಆಕ್ಸ್‌ಫರ್ಡಿಗೆ ಬಂದು ಕಾಲೇಜು, ಗ್ರಂಥಾಲಯ, ಆಟದ ಬಯಲು, ಕಚೇರಿಗಳನ್ನೆಲ್ಲ ನೋಡಿದ ಮೇಲೆ, ಇವೆಲ್ಲ ಸರಿ, ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳುತ್ತಾನೆ. ಅವಯವಗಳನ್ನು ಕಂಡ ಮೇಲೂ ಅವಯವಿಯನ್ನು ಬೇರೆ ವಸ್ತುವೆಂದು ಹುಡುಕುವುದು ಬುದ್ಧಿಯ ತಪ್ಪೆಂದು ರೈಲ್ ತೋರಿಸಿಕೊಡುತ್ತಾನೆ. ತರ್ಕದ ದೃಷ್ಟಿಯಿಂದ ಅವನು ಹೇಳಿದ್ದು ಸರಿ. ಆದರೂ ಮೊದಲ ವಾರದ ವಿದ್ಯಾರ್ಥಿಯ ಮನಸ್ಸಿನಲ್ಲಿ ಆ ಪ್ರಶ್ನೆ ಏಳುವುದು ತಪ್ಪೆಂದು ನಾನು ಒಪ್ಪಲಾರೆ. ಕಟ್ಟಡ ಕಂಡಿದ್ದೇನೆ, ಮೇಷ್ಟ್ರನ್ನು ಕಂಡಿದ್ದೇನೆ, ಊಟದ ಸಾಲಿನಲ್ಲಿ ನಿಂತಿದ್ದೇನೆ. ನಾನು ಸೇರಿಕೊಳ್ಳಲು ಬಂದದ್ದು ಎಲ್ಲಿದೆ? ಹಾವೇರಿಯ ಆ ಹುಡುಗಿ ‘ಆರಾಮ ಅದೀನಿ’ ಎಂದು ಹೇಳಿ ಸುಮ್ಮನಾಗುವಾಗ ಅವಳ ಒಳಗೆ ಇರುವುದು ಬಹುಶಃ ಇದೇ ಪ್ರಶ್ನೆ.

ನನ್ನ ಪಾಲಿಗೆ ಅದು ಗಂಟೆಯ ರೂಪದಲ್ಲಿ ಬಂದಿತು. ನಾನು ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಅಲ್ಲಿ ಬೆಳಗಿನ ಐದಕ್ಕೆ ಒಂದು ಗಂಟೆ, ಪೂಜೆಗೆ ಒಂದು, ಪಾಠಕ್ಕೆ ಒಂದು, ಪ್ರಸಾದಕ್ಕೆ ಒಂದು, ರಾತ್ರಿ ದೀಪ ಆರಿಸುವುದಕ್ಕೆ ಇನ್ನೊಂದು. ಸಾಲಿನಲ್ಲಿ ಒಬ್ಬ ಹುಡುಗ ಕಡಿಮೆಯಾದರೆ ಬಡಿಸುವವರು ಸೌಟನ್ನು ಹಿಡಿದುಕೊಂಡೇ ‘ಅಂವಾ ಎಲ್ಲಿ?’ ಎಂದು ಕೇಳುತ್ತಿದ್ದರು. ಜ್ವರ ಬಂದದ್ದು ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಆ ಗಂಟೆಯ ಮೇಲೆ ನಮಗೆ ಸಿಟ್ಟೂ ಇತ್ತೆಂಬುದನ್ನು ಮುಚ್ಚಿಡಲಾರೆ. ಅದರಿಂದ ಯಾವಾಗ ಬಿಡುಗಡೆಯಾದೀತೆಂದು ಎಣಿಸಿದ್ದೂ ಉಂಟು. ವಿಶ್ವವಿದ್ಯಾಲಯದ ವಸತಿ ನಿಲಯದಲ್ಲಿ ಮೊದಲ ಮುಂಜಾನೆ ಎಚ್ಚರವಾದಾಗ ಸುತ್ತಲೂ ಮಳೆಯ ಸದ್ದಿನ ಹೊರತು ಏನೂ ಇರಲಿಲ್ಲ. ನಾನು ಏಳದಿದ್ದರೆ ಯಾರೂ ಎಬ್ಬಿಸುವುದಿಲ್ಲ, ಉಣ್ಣದಿದ್ದರೆ ಯಾರೂ ಕೇಳುವುದಿಲ್ಲ, ತರಗತಿಗೆ ಹೋಗದಿದ್ದರೆ ಹಾಜರಿಯ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೇ ಎಂಬುದು ಆಗ ಹೊಳೆಯಿತು. ಒಂದು ಗಳಿಗೆ ಬಲು ಹಿತವೆನಿಸಿತು. ಮರುಗಳಿಗೆ ಹೊಟ್ಟೆಯಲ್ಲಿ ಏನೋ ಜಾರಿದಂತಾಯಿತು. ದೊಡ್ಡ ಆವರಣದ ಸ್ವಾತಂತ್ರ್ಯವೂ ಅದರ ಒಂಟಿತನವೂ ಈ ಒಂದೇ ಮೌನದ ಎರಡು ಮುಖಗಳೆಂದು ನನಗೆ ತಿಳಿಯಲು ಇನ್ನೂ ನಾಲ್ಕು ತಿಂಗಳು ಬೇಕಾದವು. ಅದನ್ನು ತಿಳಿಸಿದವನು ನನ್ನ ಕೋಣೆಯ ಜೊತೆಗಾರ.

ಅವನ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ವಿಜಾಪುರ ಜಿಲ್ಲೆಯ ಒಣಭೂಮಿಯ ಒಕ್ಕಲು ಮನೆತನದ ಹುಡುಗ. ಗಣಿತ ಓದಲು ಬಂದಿದ್ದ. ಅವರ ಊರಿನಿಂದ ಎಂ.ಎಸ್ಸಿ.ಗೆ ಬಂದವರಲ್ಲಿ ಅವನೇ ಮೊದಲಿಗ. ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮೊದಲ ದಿನವೇ ನನ್ನ ಮುಂದೆ ಬಿಚ್ಚಿ ‘ತಗೋರಿ’ ಎಂದಿದ್ದ. ಮಾತು ಕಡಿಮೆ. ತರಗತಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅವನು ಲೆಕ್ಕ ಬಿಡಿಸಬಲ್ಲ, ಆದರೆ ಬಿಡಿಸಿದ್ದನ್ನು ಎದ್ದು ನಿಂತು ಹೇಳಲಾರ. ನನ್ನದು ಕನ್ನಡ ವಿಭಾಗ, ಅವನದು ಬೇರೊಂದು ದಿಕ್ಕಿನ ಕಟ್ಟಡ. ಬೆಳಿಗ್ಗೆ ಇಬ್ಬರೂ ಕೋಣೆಗೆ ಬೀಗ ಹಾಕಿ ಬೇರೆ ಬೇರೆ ದಾರಿ ಹಿಡಿದರೆ ಮತ್ತೆ ಭೇಟಿಯಾಗುವುದು ರಾತ್ರಿ. ಕೆಲವು ದಿನ ಅವನು ತರಗತಿಗೆ ಹೋಗದೆ ಎಲ್ಲೋ ಗುಡ್ಡದ ಇಳಿಜಾರಿನಲ್ಲಿ ಮರದ ಕೆಳಗೆ ಕುಳಿತು ಬರುತ್ತಿದ್ದನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಒಂದು ರಾತ್ರಿ ನಾನು ಪ್ರಬಂಧವೊಂದಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಅವನು, ‘ಮುಂಜಾನೆ ವಿಜಾಪುರ ಬಸ್ಸು ಎಷ್ಟಕ್ಕ ಐತ್ರಿ?’ ಎಂದು ಕೇಳಿದ. ನಾನು ತಲೆ ಎತ್ತದೆಯೇ ‘ಆರಕ್ಕೊಂದು ಇರಬೇಕು’ ಎಂದೆ. ಹಬ್ಬಕ್ಕೆ ಮುಂಚೆಯೇ ಏಕೆ ಹೋಗುತ್ತೀ ಎಂದು ಕೇಳಲಿಲ್ಲ. ಬೆಳಿಗ್ಗೆ ಎದ್ದಾಗ ಅವನ ಹಾಸಿಗೆಯೂ ಟ್ರಂಕೂ ಇರಲಿಲ್ಲ. ರೊಟ್ಟಿ ಕಟ್ಟಿದ್ದ ಬಿಳಿ ಅರಿವೆಯನ್ನು ಒಗೆದು, ಮಡಿಚಿ ಕಿಟಕಿಯ ಮೇಲೆ ಇಟ್ಟಿದ್ದ. ಅವನ ತರಗತಿಯವರು ಅವನು ಕೋಣೆಯಲ್ಲಿ ಮಲಗಿರಬೇಕೆಂದು ತಿಳಿದರು. ನಾನು ಊರಿಗೆ ಹೋಗಿ ಬರುತ್ತಾನೆಂದು ತಿಳಿದೆ. ಊಟದ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಹಬ್ಬ ಕಳೆದು ಎಲ್ಲರೂ ಮರಳಿದ ಮೇಲೆ ಅವನು ಓದನ್ನೇ ಬಿಟ್ಟು ಹೋದನೆಂಬುದು ಸ್ಪಷ್ಟವಾಯಿತು. ಇದಕ್ಕಾಗಿ ನಾನು ಮೇಷ್ಟ್ರನ್ನಾಗಲಿ ನಿಲಯವನ್ನಾಗಲಿ ದೂರುವುದಿಲ್ಲ. ಅವನಿಗೆ ಮೂರು ಮಾರು ದೂರದಲ್ಲಿ ಕುಳಿತಿದ್ದವನು ನಾನು. ಮಠದಲ್ಲಿ ಹನ್ನೆರಡು ವರ್ಷ ‘ಅಂವಾ ಎಲ್ಲಿ?’ ಎಂಬ ಮಾತು ಕೇಳಿ ಬೆಳೆದವನು ಆ ಮಾತನ್ನು ಮಠದಲ್ಲಿಯೇ ಬಿಟ್ಟು ಬಂದಿದ್ದೆ.

ಹತ್ತು ಹನ್ನೆರಡು ವರ್ಷಗಳ ಬಳಿಕ ಒಂದು ಜಾತ್ರೆಯಲ್ಲಿ ಅವನು ಎದುರಾದ. ಹೊಲ ನೋಡಿಕೊಂಡಿದ್ದಾನೆ, ಎರಡು ಮಕ್ಕಳು. ನನ್ನ ಮೇಲೆ ಸಿಟ್ಟಿನ ಸೆಳಕೂ ಇರಲಿಲ್ಲ. ನಾನೇ ಆ ರಾತ್ರಿಯ ಮಾತು ತೆಗೆದೆ. ‘ನೀವು ಓದ್ಲಿಕ್ಕ ಹತ್ತಿದ್ರಿ, ನಡುವ ಮಾತಾಡಸೂದು ಬ್ಯಾಡ ಅಂತ ಸುಮ್ಮನಾದ್ನಿರಿ’ ಎಂದ. ಆಮೇಲೆ ನಗುತ್ತ, ‘ಭಾಳ ದೊಡ್ಡದಿತ್ತ್ರೀ ಅದು’ ಎಂದ. ಅವನು ಹೇಳಿದ್ದು ಗಣಿತದ ವಿಷಯವನ್ನೋ ಆ ಆವರಣವನ್ನೋ ನನಗೆ ತಿಳಿಯಲಿಲ್ಲ.

ಇಂಥ ಜಾಗಗಳಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲವೆಂದರೆ ಅಲ್ಲಿಯ ಜನ ಕಠಿಣ ಹೃದಯದವರೆಂದು ಭಾವಿಸಬಾರದು. ಕಾರಣ ಬೇರೆ ಇದೆ. ಸ್ನಾತಕೋತ್ತರ ಓದಿನ ಅವಧಿ ಬಹುತೇಕ ಎರಡೇ ವರ್ಷ. ಕಟ್ಟಡಗಳಿಗೆ ಅರವತ್ತು ಎಪ್ಪತ್ತು ವರ್ಷ ವಯಸ್ಸಾಗಿದ್ದರೂ ಅವುಗಳಲ್ಲಿ ವಾಸಿಸುವ ಸಮಾಜಕ್ಕೆ ಯಾವ ದಿನ ನೋಡಿದರೂ ಎರಡು ವರ್ಷದ ಪ್ರಾಯ. ಅರ್ಧ ಜನ ದಾರಿ ಕಲಿಯುತ್ತಿರುತ್ತಾರೆ, ಉಳಿದರ್ಧ ಹೊರಡುವ ಸಿದ್ಧತೆಯಲ್ಲಿರುತ್ತಾರೆ. ಹಳ್ಳಿಯಲ್ಲಿ ಅಜ್ಜಿಯರು ಮಾಡುವ ಕೆಲಸವನ್ನು, ಅಂದರೆ ಯಾರು ಬಂದರು, ಯಾರು ಹೋದರು, ಯಾರ ಮುಖ ಬಾಡಿದೆ ಎಂದು ನೋಡಿಕೊಳ್ಳುವ ಕೆಲಸವನ್ನು, ಅಲ್ಲಿ ಮಾಡುವವರಾರು? ನಾನು ಕಂಡಂತೆ ಮೂರು ಬಗೆಯ ಜನ ಮಾಡುತ್ತಾರೆ. ಐದಾರು ವರ್ಷ ಅಲ್ಲೇ ಉಳಿಯುವ ಪಿಎಚ್.ಡಿ. ಸಂಶೋಧಕರು, ಅಡುಗೆ ಮನೆಯಲ್ಲಿ, ಕಾವಲಿನಲ್ಲಿ, ಗ್ರಂಥಾಲಯದ ಕಪಾಟುಗಳ ನಡುವೆ ದುಡಿಯುವ ಸಿಬ್ಬಂದಿ, ಚಹದಂಗಡಿಯವರು ಮತ್ತು ಜೆರಾಕ್ಸ್ ಅಂಗಡಿಯವರು. ಕುಲಪತಿಗಳ ಹೆಸರು ಬಾರದ ವಿದ್ಯಾರ್ಥಿಗೂ ಚಹದಂಗಡಿಯವನ ಹೆಸರು ಬರುತ್ತದೆ. ಹೊಸಬರು ಎರಡು ದಿನ ಬಾರದಿದ್ದರೆ ಅವನಿಗೆ ಗೊತ್ತಾಗುತ್ತದೆ, ಉದ್ರಿಯ ಲೆಕ್ಕವಿರುತ್ತದಲ್ಲ!

ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿ ಆಡಬೇಕು; ಏಕೆಂದರೆ ಅವರು ಓದುವ ಆವರಣ ಗಂಡುಮಕ್ಕಳ ಆವರಣಕ್ಕಿಂತ ಚಿಕ್ಕದು. ಎಕರೆ ಅಷ್ಟೇ ಇದ್ದರೂ ಗಂಟೆಗಳು ಕಡಿಮೆ. ಸೂರ್ಯ ಮುಳುಗಿದ ಮೇಲೆ ಮರಗಳ ನಡುವಿನ ಅದೇ ಸುಂದರ ದಾರಿ ಬೇರೆಯಾಗುತ್ತದೆ. ದೀಪದ ಕಂಬದಿಂದ ದೀಪದ ಕಂಬಕ್ಕೆ ಲೆಕ್ಕ ಹಾಕಿ ನಡೆಯಬೇಕು, ಒಬ್ಬಳೇ ಹೋಗದೆ ಇಬ್ಬರು ಮೂವರು ಕೂಡುವವರೆಗೆ ಗ್ರಂಥಾಲಯದ ಬಾಗಿಲಲ್ಲಿ ಕಾಯಬೇಕು. ಗ್ರಂಥಾಲಯ ತೆರೆದಿರುವಾಗಲೇ ನಿಲಯದ ಬಾಗಿಲು ಮುಚ್ಚುವ ಪದ್ಧತಿ ನಮ್ಮ ದೇಶದ ಹಲವು ಕಡೆ ಇದೆ. ಹುಡುಗರಿಗೆ ಇಲ್ಲದ ಕಟ್ಟು ನಮಗೇಕೆ ಎಂದು ಕೇಳಿ ದೆಹಲಿಯ ವಿದ್ಯಾರ್ಥಿನಿಯರು 2015ರಲ್ಲಿ ‘ಪಿಂಜರಾ ತೋಡ್’ ಎಂಬ ಹೆಸರಿನಲ್ಲಿ ಚಳವಳಿಯನ್ನೇ ಹೂಡಿದರು. ನಾನು ಹಳೆಯ ಶಿಸ್ತಿನಲ್ಲಿ ಬೆಳೆದವನು. ಅವರ ಎಲ್ಲ ಮಾತುಗಳಿಗೂ ನನ್ನ ಸಮ್ಮತಿಯಿಲ್ಲ. ಆದರೆ ಮಗಳ ಸುರಕ್ಷತೆಗಾಗಿ ಅವಳ ಓದಿನ ಹೊತ್ತನ್ನು ಮೊಟಕು ಮಾಡುವುದಕ್ಕಿಂತ ದಾರಿಗೆ ಇನ್ನೆರಡು ದೀಪ ಹಾಕುವುದು ಲೇಸೆಂಬ ಮಾತಿಗೆ ಎದುರು ಹೇಳಲು ನನ್ನಲ್ಲಿ ಯಾವ ಶಾಸ್ತ್ರವೂ ಇಲ್ಲ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಬಳಿಕ ಸುತ್ತಲಿನ ಊರುಗಳಿಂದ ದಿನವೂ ಬಂದು ಹೋಗಿ ಓದುವುದು ಬಡವರ ಮಕ್ಕಳಿಗೂ ಸಾಧ್ಯವಾಗಿದೆ. ಇದು ಸಂತೋಷದ ಸಂಗತಿ. ಆದರೆ ಸಂಜೆಯ ಬಸ್ಸಿನ ಮೇಲೆ ಕಣ್ಣಿಟ್ಟ ವಿದ್ಯಾರ್ಥಿನಿಗೆ ಆವರಣವೆಂದರೆ ಬಸ್ ನಿಲ್ದಾಣ, ತರಗತಿ, ಮತ್ತೆ ಬಸ್ ನಿಲ್ದಾಣ. ಸಂಜೆ ನಾಲ್ಕರ ನಂತರ ನಡೆಯುವ ಮಾತು, ವಾದ, ಉಪನ್ಯಾಸ, ಹಾಡು ಯಾವುದೂ ಅವಳಿಗೆ ದಕ್ಕುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿಯುವುದರ ಅರ್ಧಪಾಲು ಆ ಹೊತ್ತಿನಲ್ಲೇ ಇರುತ್ತದೆ ಎಂಬುದು ನನ್ನ ಅನುಭವ.

ಓದುವ ಮಕ್ಕಳ ಚಿಂತೆಯ ಬಣ್ಣವೂ ಈಗ ಬೇರೆ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾ ಪರೀಕ್ಷೆಗಳ ತರಬೇತಿಯ ಫಲಕಗಳಿಲ್ಲದ ಗೋಡೆಯೇ ಇಲ್ಲವೆನ್ನಬಹುದು. ಆ ಗಾಳಿ ಆವರಣದೊಳಕ್ಕೂ ಬೀಸಿದೆ. ತರಗತಿಯ ಪಠ್ಯವನ್ನು ಮಗ್ಗುಲಿಗಿಟ್ಟು ಸಾಮಾನ್ಯ ಜ್ಞಾನದ ದಪ್ಪ ಪುಸ್ತಕದ ಮೇಲೆ ಬಾಗಿದ ತಲೆಗಳು ಎಲ್ಲೆಲ್ಲೂ ಕಾಣುತ್ತವೆ. ಅವರನ್ನು ದೂರಲಾರೆ. ಮನೆಯಲ್ಲಿ ಸಾಲವಿದೆ, ತಮ್ಮ ತಂಗಿಯರಿದ್ದಾರೆ. ಒಂದೇ ಮೇಜಿನ ಸುತ್ತ ಒಂದು ವರ್ಷ ಕುಳಿತೂ, ಎದುರಿಗಿದ್ದವನು ತನ್ನ ಸ್ಪರ್ಧಿಯೆಂಬ ಎಣಿಕೆಯಿಂದಲೋ ಏನೋ, ಊರು ಯಾವುದೆಂದು ಕೇಳಿರುವುದಿಲ್ಲ.

ಹಾಗಾದರೆ ಅಷ್ಟು ದೊಡ್ಡ ಬಯಲು ಒಬ್ಬ ವಿದ್ಯಾರ್ಥಿಗೆ ತನ್ನದಾಗುವುದು ಹೇಗೆ? ಇಡೀ ಆವರಣ ಯಾರದೂ ಆಗುವುದಿಲ್ಲ. ಅದರಲ್ಲಿ ಮೂರು ನಾಲ್ಕು ಚುಕ್ಕೆಗಳು ತಮ್ಮವಾಗುತ್ತವೆ, ಅವುಗಳ ನಡುವೆ ಒಂದು ದಾರಿ ಸವೆಯುತ್ತದೆ, ಆ ದಾರಿಯೇ ಅವರ ವಿಶ್ವವಿದ್ಯಾಲಯ. ನನಗೆ ದೊರೆತದ್ದು ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹ. 1939ರಲ್ಲಿ, ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ, ಸ್ಥಾಪನೆಯಾದ ಸಂಸ್ಥೆಯದು. ಮುಂದೆ ವಿಶ್ವವಿದ್ಯಾಲಯದೊಳಗೆ ಸೇರಿತು. ಶಿಲ್ಪಗಳು, ಶಾಸನಗಳು, ತಾಡೋಲೆಯ ಕಟ್ಟುಗಳು. ಮಠದಲ್ಲಿ ನಾನು ತಾಡೋಲೆಗೆ ಎಣ್ಣೆ ಸವರಿ ಒರೆಸಿದವನು, ಅದರ ವಾಸನೆ ಗೊತ್ತು. ಜೊತೆಗಾರ ಹೊರಟುಹೋದ ಮೇಲಿನ ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆ ವಾಸನೆ ಮೂಗಿಗೆ ಬಂದಾಗ, ಧಾರವಾಡಕ್ಕೆ ಬಂದು ಐದು ತಿಂಗಳಾದ ನಂತರ, ಮೊದಲ ಸಲ ನಾನು ಎಲ್ಲಿಗೋ ಬಂದು ಸೇರಿದ್ದೇನೆ ಎನಿಸಿತು. ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿಯಂಥ ವಿದ್ವಾಂಸರು ದುಡಿದ ವಿಭಾಗವದು. ಅವರಲ್ಲಿ ಮೊದಲಿನವರು ಇದೇ ವಿಶ್ವವಿದ್ಯಾಲಯಕ್ಕೆ, ಎರಡನೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ದೊಡ್ಡವರ ಹೆಸರಿಗಿಂತ ಆ ಹೊತ್ತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಣ್ಣೆಯ ವಾಸನೆ ಎಂದರೆ ಓದುಗರು ನಗಬಾರದು.

ಇಡೀ ಆವರಣ ಒಂದಾದದ್ದನ್ನೂ ನಾನು ಒಮ್ಮೆ ಕಂಡಿದ್ದೇನೆ. 1982ರಲ್ಲಿ ಗೋಕಾಕ್ ವರದಿಯ ಚಳವಳಿ ನಾಡನ್ನೆಲ್ಲ ವ್ಯಾಪಿಸಿದಾಗ ವಿಜ್ಞಾನದವರು, ಕಲಾ ವಿಭಾಗದವರು, ಒಂದು ವರ್ಷ ಒಬ್ಬರ ಮುಖವನ್ನೊಬ್ಬರು ನೋಡದವರು ಒಂದೇ ರಸ್ತೆಯಲ್ಲಿ ನಡೆದೆವು. ಆ ದಿನಗಳಲ್ಲಿ ಪರಿಚಯವಾದ ಇಬ್ಬರು ಇಂದಿಗೂ ಪತ್ರ ಬರೆಯುತ್ತಾರೆ. ಆದರೆ ಚಳವಳಿ ಪ್ರತಿವರ್ಷ ಬರುವುದಿಲ್ಲ. ಬರಲಿ ಎಂದು ಹಾರೈಸುವುದೂ ಸಾಧುವಲ್ಲ.

ಪತ್ರ ಬರೆದ ತಾಯಿಗೆ ನಾನು ಹೇಳಬಹುದಾದದ್ದು ಸ್ವಲ್ಪವೇ. ‘ಅಭ್ಯಾಸ ಹೆಂಗ ನಡದೈತಿ’ ಎಂದು ಕೇಳಿದರೆ ‘ಆರಾಮ’ ಎಂಬುದೇ ಉತ್ತರ. ಅದರ ಬದಲು, ಇಂದು ಯಾವ ದಾರಿಯಿಂದ ಹೋದೆ, ಮಧ್ಯಾಹ್ನ ಯಾರ ಸಂಗಡ ಕೂತು ಉಂಡೆ, ಚಹ ಎಲ್ಲಿ ಕುಡಿಯುತ್ತೀ, ಕೋಣೆಯ ಗೆಳತಿಯ ಊರು ಯಾವುದು, ಅವಳ ತಾಯಿಗೆ ಹೊಲದ ಕೆಲಸವೋ ಮನೆಗೆಲಸವೋ ಎಂದು ಕೇಳಿ ನೋಡಬೇಕು. ಮೊದಲ ಸಲ ಮಗಳಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಮುಂದಿನ ಸಲ ನೀವು ಕೇಳುತ್ತೀರೆಂದು ತಿಳಿದುಕೊಂಡು ಹೇಳಿಯಾಳು. ಸಾಧ್ಯವಾದರೆ ದಸರೆಗೆ ಮೊದಲೊಮ್ಮೆ ಹೋಗಿ ಬನ್ನಿ. ಈ ಸಲ ಗುಡ್ಡದ ಮೇಲಿನ ಭವನವನ್ನು ನೋಡಲು ಹೋಗದೆ ಅವಳು ಎಲ್ಲಿಗೆ ಕರೆದೊಯ್ಯುತ್ತಾಳೋ ಅಲ್ಲಿಗೆ ಹೋಗಿ. ಡಿಸೆಂಬರಿನ ಹೊತ್ತಿಗೂ ಕರೆದೊಯ್ಯಲು ಅವಳಲ್ಲಿ ಒಂದು ಜಾಗವೂ ಇಲ್ಲವೆಂದಾದರೆ ಆಗ ವಿಭಾಗದ ಗುರುಗಳನ್ನು ಕಂಡು ಮಾತಾಡುವುದು ಅವಶ್ಯ, ಅದಕ್ಕೆ ಸಂಕೋಚಪಡಬಾರದು.

ಈ ಪತ್ರದ ನೆಪದಿಂದ ನಾನೂ ಕಳೆದ ವಾರ ಧಾರವಾಡಕ್ಕೆ ಹೋಗಿ ಬಂದೆ. ನನ್ನ ಅಕ್ಕನ ಮೊಮ್ಮಗಳು ಅಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ, ಎರಡನೆಯ ವರ್ಷ. ಸಣ್ಣ ಮಳೆಯಿತ್ತು. ಒಂದೇ ಕೊಡೆಯಲ್ಲಿ ಇಬ್ಬರೂ ಹೊರಟೆವು. ಅವಳು ಮೊದಲು ತೋರಿಸಿದ್ದು ಗ್ರಂಥಾಲಯದಲ್ಲಿ ಕಿಟಕಿಯ ಪಕ್ಕದ ಒಂದು ಕುರ್ಚಿ. ‘ಒಂಬತ್ತಕ್ಕ ಬರಲಿಲ್ಲಂದ್ರ ಇದು ಸಿಗೂದಿಲ್ರಿ ಅಜ್ಜಾರ’ ಎಂದಳು. ಅಲ್ಲಿಂದ ವಿಭಾಗದ ತೋಟ. ಅಲ್ಲಿಯ ಗಿಡಗಳಿಗೆ ನೀರುಣಿಸುವ ಹಿರಿಯರು ಅವಳನ್ನು ಹೆಸರು ಹಿಡಿದು ಮಾತಾಡಿಸಿ, ಜ್ವರ ಇಳಿಯಿತೇ ಎಂದು ವಿಚಾರಿಸಿದರು. ಆಕೆಗೆ ಜ್ವರ ಬಂದದ್ದು ಅವಳ ಮನೆಯವರಿಗೂ ನನಗೂ ಗೊತ್ತಿರಲಿಲ್ಲ. ಆಮೇಲೆ ಚಹದಂಗಡಿ. ಅಲ್ಲಿ ನಾಲ್ಕೈದು ಹುಡುಗಿಯರು ಗಿರ್ಮಿಟ್ ತಿನ್ನುತ್ತ ಕುಳಿತಿದ್ದರು. ಬೆಂಚಿನ ತುದಿಗೆ ಇನ್ನೊಬ್ಬಳು, ತೊಡೆಯ ಮೇಲೆ ಪ್ಲಾಸ್ಟಿಕ್ ಕಡತ ಇಟ್ಟುಕೊಂಡು, ಚಹವನ್ನು ತಣಿಸುತ್ತ ಯಾರ ಕಡೆಗೂ ನೋಡದೆ ಕುಳಿತಿದ್ದಳು. ಹೊಸಬಳೆಂದು ನನಗೆ ಕೂಡಲೇ ತಿಳಿಯಿತು.

‘ಆ ಹುಡುಗಿ ಯಾರವಾ?’ ಎಂದು ಮೊಮ್ಮಗಳನ್ನು ಕೇಳಿದೆ.

‘ಗೊತ್ತಿಲ್ರಿ ಅಜ್ಜಾರ. ಮೊನ್ನಿಯಿಂದ ಇಲ್ಲೇ ಕುಂದರತಾಳ’ ಎಂದಳು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ತನ್ನ ತಟ್ಟೆಯನ್ನು ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದು, ‘ಯಾವೂರ ನಿಮ್ಮದು?’ ಎಂದಳು.